ಮಾವ ಹೇಳಿ ಕಳಿಸಿದ ವಸ್ತಿಗಳು

ನನ್ನ ಮಾವನ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಅಕ್ಕಿ ತುಂಬಿದ ಗಾಡಿಯ ಗಾಲಿ ಮೇಲೆ ಹಾದುಹೋಗಿ ಆ ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು. ಆ ಬೆರಳಿನಿಂದಲೇ ಅವನು ಎಲ್ಲವನ್ನೂ ತೋರಿಸುತ್ತಿದ್ದ. ನೀರು ಬೇಕಾದರೆ ತಂಬಿಗೆಯ ಕಡೆ ಕಾಲು ಚಾಚುವುದು, ಗಾಳಿ ಬಂದರೆ ಬಾಗಿಲಿನ ಕಡೆ ಚಾಚುವುದು. ನನ್ನ ಸೈಕಲ್ಲನ್ನು ತೋರಿಸುವುದೂ ಕಾಲಿನಿಂದಲೇ, ನನ್ನನ್ನು ತೋರಿಸುವುದೂ ಕಾಲಿನಿಂದಲೇ. ಹೊರಸಿನ ಮೇಲಿಂದ ಇಳಿಯದೆ, "ಇವ್ರ ನೋಡ್ರಿ ನಮ್ಮ ಅಳ್ಯಾರು" ಎಂದು ಬಂದವರಿಗೆ ಹೆಬ್ಬೆರಳಿನಿಂದ ಗುರುತು ಮಾಡಿಕೊಡುವ ಮತ್ತೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಹೆಣ್ಣು ಕೊಟ್ಟ ಮಾವನ ಬಗ್ಗೆ ಬರೆಯುವಾಗ 'ಅವರು' ಎನ್ನಬೇಕು. ಎದುರಿಗೆ ವರ್ಷಗಟ್ಟಲೆ ಅಂದಿದ್ದೇನೆ, ಅಷ್ಟು ಸಾಕು. ಇಲ್ಲಿ 'ಅವನು' ಎಂದೇ ಬರೆಯುತ್ತೇನೆ.

ಅವನು ಹಳಿಯಾಳದ ಕಡೆಯ ಗಾಡಿಯವ. ಹಳಿಯಾಳದ ಅಕ್ಕಿ ಹೇರಿಕೊಂಡು ಸೂಪಾ, ಜೋಯಿಡಾ ದಾಟಿ ಗೋವಾ ಗಡಿಯ ಅನಮೋಡದ ತನಕ ಹೋಗುವುದು, ಬರುವಾಗ ಇದ್ದಿಲೋ ಅಳಲೆಕಾಯಿಯೋ ಸಿಕ್ಕಿದ್ದನ್ನು ತುಂಬಿಕೊಂಡು ಬರುವುದು, ಅದು ಅವನ ಬದುಕು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದ ಮೇಲೆ ಕೆಲವು ದಿನ ಬಿದಿರು ಹೇರಿದ. ಆಮೇಲೆ ಲಾರಿಗಳು ಬಂದವು. ಎತ್ತು ಮಾರಿದ. ಹೆಂಡತಿ ಮೊದಲೇ ತೀರಿದ್ದಳು, ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು. ಹಾಗಾಗಿ ದಾಂಡೇಲಿಯ ಕಾರ್ಮಿಕರ ಚಾಳಿನಲ್ಲಿದ್ದ ನನ್ನ ಒಂದು ಕೋಣೆ, ಒಂದು ಪಡಸಾಲೆಗೆ ಬಂದು, ನಾನು ಕೊಂಡ ಹೊರಸಿನ ಮೇಲೆ ಕೂತ. ಮಗಳ ಮನೆಯಲ್ಲಿ ಉಣ್ಣುವುದು ಅವನಿಗೆ ಅವಮಾನ. ಆ ಅವಮಾನವನ್ನು ಅವನು ಒಬ್ಬನೇ ಅನುಭವಿಸಲಿಲ್ಲ, ನನಗೂ ದಿನಾ ಪಾಲು ಕೊಟ್ಟ.

ನಾನು ಆ ಕಾಗದದ ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆಯ ಸಿಳ್ಳು ಕೂಗಿ ನಾನು ಹೊರಟರೆ, ಅವನು ಹೊರಸಿನಿಂದಲೇ ನಾಲಿಗೆ ಲೊಚಗುಟ್ಟಿ, "ಹೂಂ, ಚಲ್, ಚಲ್" ಎನ್ನುತ್ತಿದ್ದ. ಎತ್ತಿಗೆ ಹೇಳುವ ಹಾಗೆ. ಚಾಳಿನ ಹೆಂಗಸರು ನಗುತ್ತಿದ್ದರು. ಬೈಯೋಣವೆಂದರೆ ಅವನು ನನಗೆ ಯಾವತ್ತೂ ಏಕವಚನದಲ್ಲಿ ಮಾತಾಡಿದವನಲ್ಲ. ಅಳಿಯನಿಗೆ ಕೊಡಬೇಕಾದ ಮರ್ಯಾದೆಯನ್ನು ಪೂರ್ತಿ ಕೊಟ್ಟು, ಅದರೊಳಗೆ ಮುಳ್ಳಿಟ್ಟು ಕೊಡುತ್ತಿದ್ದ. "ಬರ್ರಿ, ಕೂಡ್ರಿ, ಉಣ್ರಿ. ನಿಮ್ಮ ಮಿಲ್ಲು ನನ್ನ ಎತ್ತು ತಿಂದೈತಿ. ನೀವು ರೊಟ್ಟಿ ತಿನ್ರಿ."

ನನ್ನದೂ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಮುಂಡಗೋಡದ ಕಡೆಯವನು. ಅಪ್ಪ ಸತ್ತಾಗ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಂದು ದೊಡ್ಡ ಒಕ್ಕಲುಮನೆಗೆ ಆಳಾಗಿ ಹೋದೆ. ಆ ಊರಲ್ಲಿ ನನಗೆ ಹೆಸರಿರಲಿಲ್ಲ. 'ಗೌಡ್ರ ಮನೀ ಆಳು' ಎಂದೇ ಕರೆಯುತ್ತಿದ್ದರು. ಬಾವಿಗೆ ಹೋದರೂ ಹಾಗೆ, ಸಂತೆಗೆ ಹೋದರೂ ಹಾಗೆ. ದಾಂಡೇಲಿಗೆ ಬಂದು ಕಾರ್ಖಾನೆಯ ಬಾಗಿಲಲ್ಲಿ ನಿಂತಾಗ ಮೊದಲ ಸಲ ಒಬ್ಬ ಮನುಷ್ಯ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಕೂಡಿಸಿ ಗಟ್ಟಿಯಾಗಿ ಕೂಗಿದ. ಅವತ್ತೇ ನಿಶ್ಚಯ ಮಾಡಿದೆ, ಇನ್ನು ಮುಂದೆ ಇಂಥವರ ಮನೆಯವ, ಇಂಥವರ ಕಡೆಯವ ಅನ್ನಿಸಿಕೊಂಡು ಎಲ್ಲೂ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂದು. ಸೈಕಲ್ಲನ್ನೂ ನನ್ನ ದುಡಿಮೆಯಿಂದಲೇ ಕೊಂಡೆ.

ಗೋವಾ ನಮ್ಮ ದೇಶಕ್ಕೆ ಸೇರಿದ ಚಳಿಗಾಲದ ಕೊನೆ. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಅನಮೋಡದ ತಪಾಸಣೆಯ ನಾಕೆಯಲ್ಲಿ ನಿನ್ನೆ ಮೊನ್ನೆಯ ತನಕ ಬಂದೂಕು ಹಿಡಿದು ನಿಲ್ಲುತ್ತಿದ್ದ ಪರದೇಶದ ಪೊಲೀಸರು ಹೋದರಂತೆ, ಯಾರು ಬೇಕಾದರೂ ದಾಟಬಹುದಂತೆ. ಕಾರ್ಖಾನೆಯ ಅಧಿಕಾರಿಗಳಿರುವ ಬಂಗೂರನಗರದ ಸಾಹೇಬರು ಜೀಪು ಮಾಡಿಕೊಂಡು ಹೋಗಿ ನೋಡಿ ಬಂದರು. ಆಗ ನಾನು ಜೊತೆಯವರ ಮುಂದೆ ಅಂದುಬಿಟ್ಟೆ: "ಅವ್ರು ಜೀಪಿನ್ಯಾಗ ಹೋದ್ರ ನಾವು ಸೈಕಲ್ ಮ್ಯಾಲ ಹೋಗೂಣು. ದಾರ್ಯಾಗ ವಸ್ತಿ ಮಾಡ್ಕೋತ, ನಮ್ಮ ಅಡಗಿ ನಾವ ಮಾಡ್ಕೋತ. ಯಾರ ಹಂಗೂ ಬ್ಯಾಡ. ನಾಕೆದಾಚೆ ಒಂದ ಹೆಜ್ಜಿ ಇಟ್ಟ ಬರೂಣು." ವಸ್ತಿ ಎಂದರೆ ನಮ್ಮ ಕಡೆ ರಾತ್ರಿ ತಂಗುವುದು. ಬೆಳಗಾವಿ ಕಡೆಯ ಬಾಯ್ಲರಿನ ಗೆಳೆಯ ಒಬ್ಬ, ಧಾರವಾಡದ ಕಡೆಯ ಫಿಟ್ಟರ ಒಬ್ಬ, ಇಬ್ಬರೂ ಹೂಂ ಅಂದರು.

ಮುಂದಿನ ರವಿವಾರ ನಮ್ಮ ಪಡಸಾಲೆಯಲ್ಲೇ ಕೂತೆವು. ಬೇರೆ ಜಾಗವಿರಲಿಲ್ಲ. ಹೊರಸಿನ ಮೇಲೆ ಅವನು, ಕೆಳಗೆ ನಾವು. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ದಾರಿ ಬರೆದೆ. ಇಲ್ಲಿ ದಾಂಡೇಲಿ, ಇಲ್ಲಿ ಸೂಪಾ, ಇಲ್ಲಿ ಜೋಯಿಡಾ, ಇಲ್ಲಿ ಅನಮೋಡ. ದಾರಿಯನ್ನು ಸರಿಯಾಗಿ ಪಾಲು ಮಾಡಿ ನಡುನಡುವೆ ವಸ್ತಿಗೆ ಗುರುತು ಹಾಕಿದೆ. ಏನೇನು ಒಯ್ಯುವುದೆಂದು ಮಾತಾಯಿತು. ಅಲ್ಯುಮಿನಿಯಮ್ ಪಾತೇಲಿ, ಅವಲಕ್ಕಿ, ಬೆಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹಾಸಲು ಕಾಗದದ ಯಂತ್ರದಿಂದ ಗುಜರಿಗೆ ಬಿದ್ದ ಹಳೆಯ ಫೆಲ್ಟಿನ ತುಂಡು, ಕಂಬಳಿಗಿಂತ ಬೆಚ್ಚಗಿರುತ್ತಿತ್ತು. ಗಾಳಿ ಪಂಪು, ಪಾನಾ, ಪಂಕ್ಚರ್ ಹಚ್ಚುವ ಸೊಲ್ಯೂಷನ್.

ಮಾವನ ಹೆಬ್ಬೆರಳು ನಮ್ಮ ತಲೆಗಳ ನಡುವೆ ಇಳಿದು ಮೊದಲನೇ ವಸ್ತಿಯ ಮೇಲೆ ನಿಂತಿತು.

"ಇದೇನ್ರಿ ಅಳ್ಯಾರ?"

"ವಸ್ತಿರಿ ಮಾವಾರ. ಸೂಪಾದ ಈಚೀಗೆ, ಹೊಳೀ ದಂಡೀಗೆ. ಉಸುಕು ಐತಿ, ನೀರು ಐತಿ."

"ನೀರು ಐತಿ. ಖರೆ. ಆ ನೀರು ಕುಡ್ಯಾಕ ನೀವಷ್ಟ ಬರ್ತೀರೇನು? ಬ್ಯಾರೇದವರೂ ಬರ್ತಾರ. ಅವ್ರಿಗೆ ನಾಕ ಕಾಲ ಅದಾವು."

ಗೆಳೆಯರು ನಕ್ಕರು. ಹೆಬ್ಬೆರಳು ಮುಂದಿನ ಗುರುತಿಗೆ ಸರಿಯಿತು. "ಇಲ್ಲಿ ಯಾರದಾರು?"

"ಯಾರೂ ಇಲ್ರಿ. ಅಡವಿ."

"ಯಾರೂ ಇಲ್ಲದಲ್ಲೆ ವಸ್ತಿ ಅಂತೀರಿ?" ಎಂದು ಅವನು ತಂಬಾಕು ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂತ.

ಆ ದಾರಿಯಲ್ಲಿ ಅವನು ಅರ್ಧ ಆಯುಷ್ಯ ಕಳೆದಿದ್ದ. ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ನಾನು ಕೇಳಿದ್ದರೆ ಹೇಳುತ್ತಿದ್ದ. ನಾನು ಕೇಳಲಿ ಎಂದು ಕಾಯುತ್ತಿದ್ದ. ಅವನು ಕಾಯುತ್ತಿದ್ದಾನೆಂದು ಗೊತ್ತಿದ್ದೇ ನಾನು ಕೇಳಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ನಾನು ಪಾಳಿಗೆ ಹೋದಾಗ ಅವನು ಕೋಲೂರಿಕೊಂಡು ಗೆಳೆಯರ ಮನೆಗೆ ಹೋದ. ಬಾಯ್ಲರಿನವನ ಹೆಂಡತಿಯನ್ನು ಕೇಳಿದನಂತೆ: "ತಂಗಿ, ನಿನ್ನ ತವರಮನಿ ಎಲ್ಲಿ? ದೂರೇನು? ಅಲ್ಲ, ನಾಳೆ ಸುದ್ದಿ ಮುಟ್ಟಸೂದು ಬಂತಂದ್ರ ಯಾರಿಗೆ ಹೇಳಬೇಕು ಅಂತ ಕೇಳಿದೆ." ಫಿಟ್ಟರನ ತಾಯಿಗೆ ಏನು ಹೇಳಿದನೋ ಗೊತ್ತಿಲ್ಲ. ಆ ಮುದುಕಿ ಮಗನ ಸೈಕಲ್ಲಿನ ಸೀಟು ಬಿಚ್ಚಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟಳು. ವಾರದೊಳಗೆ ನಾನೊಬ್ಬನೇ ಉಳಿದೆ.

ಅವತ್ತು ನಡೆದ ಜಗಳ ಚಾಳಿಗೆಲ್ಲ ಕೇಳಿತು.

"ನಿಮಗ ಯಾರ ಹೇಳಿದ್ರು ಮಂದೀ ಮನೀಗೆ ಹೋಗ್ರಿ ಅಂತ?"

"ನಾ ಬಡಿಗಿ ತಗೊಂಡ ಹೋಗಿಲ್ರಿ. ಮಾತಾಡಾಕ ಹೋಗಿದ್ದೆ. ಮಾತಿಗೆ ಹೆದ್ರೂ ಗಂಡಸ್ರನ ಕಟ್ಗೊಂಡ ಅಡವಿಗೆ ಹೊಂಟಿದ್ರೇನು?"

"ಒಬ್ಬನ ಹೋಗ್ತೇನಿ."

"ಹೋಗ್ರಿ. ದಾರಿ ಏನ್ ನಮ್ಮಪ್ಪಂದಲ್ಲ."

ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಹಿಟ್ಟಿನ ಕೈ. "ಅಪ್ಪಾ, ಬಾಯಿ ಮುಚ್ಚು. ನೀವೂ ಮುಚ್ರಿ. ಇಬ್ರನ್ನೂ ಒಂದ ನೊಗಕ್ಕ ಹೂಡಿದ್ರ ಗಾಡಿ ಅಂಗಳಾ ಬಿಟ್ಟ ಹೊರಗ ಹೋಗಾಂಗಿಲ್ಲ." ನನ್ನನ್ನು ಒಳಗೆ ಕರೆದು ಮೆಲ್ಲಗೆ ಅಂದಳು: "ಒಂದ ಮಾತ ಕೇಳ್ರಿ ಅವಂಗ, ಎಲ್ಲಿ ಇಳಕೊಳ್ಳಲಿ ಅಂತ. ಅವ ಯಾವತ್ತೂ ವಸ್ತಿ ಹೇಳದ ಗಾಡಿ ಹೂಡಿದಾಂವಲ್ಲ. ಅವ್ವ ಇವತ್ತ ಇಲ್ಲಿರ್ತಾನ, ನಾಳೆ ಅಲ್ಲಿರ್ತಾನ ಅಂತ ಎಣಿಸ್ಕೋತ ಕೂಡ್ತಿದ್ಲು."

"ನಾ ಅವನ ಎತ್ತಲ್ಲ," ಎಂದೆ.

ಹೊರಟ ದಿನ ಬೆಳಗಾಗುವಾಗ ಅವನು ಹೊರಸಿನ ಮೇಲೆ ಎದ್ದು ಕೂತಿದ್ದ. ಕ್ಯಾರಿಯರಿನ ಗಂಟನ್ನು ಒಮ್ಮೆ ನೋಡಿದ. ಒಂದೇ ಮಾತು ಅಂದ: "ಉಳದ್ರ ಬರ್ರಿ."

ಸಿಟ್ಟಿನಲ್ಲಿ ತುಳಿದರೆ ಸೈಕಲ್ಲು ಚೆನ್ನಾಗಿ ಓಡುತ್ತದೆ. ಸಂಜೆಯಾಗುವುದಕ್ಕೆ ಬಹಳ ಮೊದಲೇ ಗೊತ್ತು ಮಾಡಿದ ಜಾಗ ಮುಟ್ಟಿದೆ. ಈಗ ಆ ಹಳೆಯ ಸೂಪಾ ಅಣೆಕಟ್ಟಿನ ನೀರಿನಡಿ ಹೋಗಿದೆ, ಅವತ್ತಿನ ದಂಡೆಯೂ ಇಲ್ಲ. ಅವತ್ತು ಉಸುಕು ಬೆಳ್ಳಗಿತ್ತು, ಹೊಳೆ ತಣ್ಣಗೆ ಹರಿಯುತ್ತಿತ್ತು. ಮೂರು ಕಲ್ಲು ಹೂಡಿ ಚಹಾ ಕಾಸಿದೆ. ನನ್ನ ಬೆಂಕಿ, ನನ್ನ ಚಹಾ. ಅಂಥ ಚಹಾ ಮತ್ತೆ ಕುಡಿದಿಲ್ಲ.

ಲೋಟ ಕೆಳಗಿಡುವುದರೊಳಗೆ ದಿಬ್ಬದ ಮೇಲಿಂದ ಒಬ್ಬ ಮನುಷ್ಯ ಇಳಿದು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೊಡಲಿ. ದಿಬ್ಬದ ಮೇಲೆ ಗಾಡಿಯವರು ಇಳಿದುಕೊಳ್ಳುವ ಒಂದು ಚಪ್ಪರವಿತ್ತು, ಅದನ್ನು ನೋಡಿಕೊಳ್ಳುವವನು.

"ನೀವ ಏನ್ರಿ, ಹಳಿಯಾಳದ ಗಾಡಿಯವನ ಅಳಿಯ?"

ನನ್ನ ಮೈ ಉರಿದುಹೋಯಿತು. ನನ್ನ ಹೆಸರು ಹೇಳಿದೆ. ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಹೇಳಿದೆ.

"ಅದೆಲ್ಲ ನನಗ ಗೊತ್ತಿಲ್ರಿ. ಗಾಡಿಯವನ ಅಳಿಯ ಹೌದೋ ಅಲ್ಲೋ?"

"ಹೌದು," ಎಂದೆ.

ಅವನು ಕೊಡಲಿ ಕೆಳಗಿಟ್ಟ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗನ ಹಾಗೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಶುರು ಮಾಡಿದ: "'ಒಬ್ಬಾಂವ ಸೈಕಲ್ ಮ್ಯಾಲ ಬರ್ತಾನ. ತಲಿ ತುಂಬ ಸೊಕ್ಕು ಐತಿ, ಬ್ಯಾರೆ ಏನಿಲ್ಲ. ನೀರಿನ ದಂಡೀಗೆ ಹಾಸ್ತಾನ. ಎಬ್ಬಿಸಿ ದಿಬ್ಬದ ಮ್ಯಾಲ ಹಾಕ್ರಿ. ಉಣ್ಣೂದಿಲ್ಲ ಅಂತಾನ, ನೀಡ್ರಿ.' ಇಷ್ಟರಿ." ಕಣ್ಣು ತೆರೆದು, "ತಪ್ಪ ತಿಳೀಬ್ಯಾಡ್ರಿ. ಮಾತು ನಂದಲ್ಲ," ಎಂದ.

ಗಾಡಿಯವರಲ್ಲಿ ಒಂದು ಕಟ್ಟಳೆಯಿತ್ತು. ಓದು ಬರಹ ಇಲ್ಲದವರು, ಮಾತು ಒಪ್ಪಿಸಿ ಕಳಿಸುವುದೇ ಅವರ ಅಂಚೆ. ಮಾತು ಗಾಡಿಯಿಂದ ಗಾಡಿಗೆ ಹೋಗುತ್ತದೆ, ಎಷ್ಟು ಬಾಯಿ ದಾಟಿದರೂ ಒಂದಕ್ಷರ ಹೆಚ್ಚು ಕಡಿಮೆ ಆಗಬಾರದು. ಬೈಗುಳವಿದ್ದರೆ ಬೈಗುಳವೂ ಹಾಗೇ ಮುಟ್ಟಬೇಕು. ತಿದ್ದಿದವನ ಕೈಯಲ್ಲಿ ಮತ್ತೆ ಯಾರೂ ಮಾತು ಕೊಡುವುದಿಲ್ಲ. ಹೀಗೆ ಮಾವ ನನಗಿಂತ ಮುಂಚೆ ಆ ದಾರಿ ಹಿಡಿದಿದ್ದ. ಎದುರಿಗೆ 'ಬರ್ರಿ ಹೋಗ್ರಿ' ಎನ್ನುವ ಬಾಯಿ ಹಿಂದೆ ನನ್ನನ್ನು 'ಒಬ್ಬಾಂವ' ಮಾಡಿ ಅಡವಿಯಲ್ಲೆಲ್ಲ ಹಂಚಿತ್ತು.

ದಿಬ್ಬ ಹತ್ತಿದೆ. ಕೊಡಲಿಯವ ಗಂಟನ್ನು ಎತ್ತಿ ನಡೆದೇಬಿಟ್ಟಿದ್ದ, ಅವನೊಡನೆ ಕಿತ್ತಾಡಲು ಆಗಲಿಲ್ಲ. ಆದರೆ ಅವನು ನೀಡಿದ್ದನ್ನು ಮುಟ್ಟಲಿಲ್ಲ. ಚಪ್ಪರದ ಇನ್ನೊಂದು ತುದಿಗೆ ಕೂತು ನನ್ನ ಖಡಕ್ ರೊಟ್ಟಿ ಕಡಿದೆ. ಬೆಳಗ್ಗೆ ಎದ್ದವನೇ ಹೊಳೆಗೆ ಓಡಿದೆ. ಉಸುಕಿನ ಮೇಲೆ ನಾನು ಹೂಡಿದ ಕಲ್ಲು ಹಾಗೇ ಇದ್ದವು. ಒಂದು ನರಿಯ ಹೆಜ್ಜೆಯೂ ಇಲ್ಲ. ಕೊಡಲಿಯವನನ್ನು ಕರೆದು ತೋರಿಸಿದೆ. "ನೋಡ್ರಿ. ಏನ್ ಬಂದೈತಿ ಇಲ್ಲಿ?"

"ಏನೂ ಬಂದಿಲ್ಲ," ಎಂದ ಅವನು. "ಛಲೋ ಆತಲ್ರಿ."

ಜೋಯಿಡಾ ದಾಟುವ ತನಕ ಆ ಗೆಲುವಿನಲ್ಲೇ ಇದ್ದೆ. ಮುಂದಿನ ವಸ್ತಿಗೂ ಮಾತು ಹೋಗಿರುತ್ತದೆಂದು ಗೊತ್ತಿತ್ತು. ಯಾರಿಗೂ ಸಿಗಬಾರದೆಂದು ನಿಶ್ಚಯ ಮಾಡಿದೆ. ಮಧ್ಯಾಹ್ನ ನಿಲ್ಲಲಿಲ್ಲ, ನೀರು ಕುಡಿಯಲಿಲ್ಲ. ಒಂದು ಇಳಿಜಾರಿನಲ್ಲಿ ಬ್ರೇಕಿನ ರಬ್ಬರು ಹಾರಿಹೋಯಿತು. ತಿರುವಿನಲ್ಲಿ ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ. ಕೊರಕಲಿನಲ್ಲಿ ಬಿದ್ದವನು ಏಳಲು ನೋಡಿದೆ, ಪಾದದ ಕೀಲು ಹೊರಳಿತ್ತು. ಮೊಣಕಾಲಿನಿಂದ ರಕ್ತ. ಮುಂದಿನ ಗಾಲಿ ಹಪ್ಪಳದ ಹಾಗೆ ಮಡಚಿಕೊಂಡಿತ್ತು.

ಬಿಸಿಲು ಮರದ ತುದಿಗೆ ಹೋಯಿತು. ದಾರಿಯಲ್ಲಿ ಯಾರೂ ಬರಲಿಲ್ಲ. ನೀರಿನ ಬಾಟಲಿ ಮೇಲೆ ಸೈಕಲ್ಲಿನಲ್ಲಿ, ನಾನು ಕೆಳಗೆ. ಆಗ ಒಂದು ವಿಷಯ ಮೊದಲ ಸಲ ತಲೆಗೆ ಹೊಕ್ಕಿತು. ನಾನು ಇಲ್ಲಿದ್ದೇನೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ನಾಳೆ ನಾನು ಬರದಿದ್ದರೆ, ಬರಲಿಲ್ಲವಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ; ಮುಂದಿನ ವಸ್ತಿಯವರೂ ತಪ್ಪಿಸಿಕೊಂಡು ಹೋದೆನೆಂದೇ ತಿಳಿಯುತ್ತಾರೆ. ಹೆಂಡತಿ ರಜೆ ಮುಗಿಯುವ ತನಕ ಎಣಿಸುತ್ತಾಳೆ, ಆಮೇಲೆ ಗಾಬರಿಯಾಗುತ್ತಾಳೆ. ಅಷ್ಟರಲ್ಲಿ ಇಲ್ಲಿ ನಾನು ಏನಾಗಿರುತ್ತೇನೆ? ಸುಣ್ಣದ ಕಡ್ಡಿಯಿಂದ ನಾನು ಹಾಕಿದ ಗುರುತುಗಳು ನೆಲದ ಗುರುತುಗಳಷ್ಟೇ. ಆ ಗುರುತಿನ ಮೇಲೆ ಕೂತು ದಾರಿ ನೋಡುವವರು ಒಬ್ಬರೂ ಇರಲಿಲ್ಲ. ಯಾರೂ ಇಲ್ಲದಲ್ಲಿ ವಸ್ತಿ ಅಂತೀರಿ ಎಂದು ಆ ಮುದುಕ ಕೇಳಿದ್ದು ಇದನ್ನೇ. ಅಲ್ಲಿ ಬಿದ್ದುಕೊಂಡೇ ಅವನಿಗೆ ಬೈದೆ, ಬಾಯಿ ಒಣಗುವ ತನಕ ಬೈದೆ.

ಕತ್ತಲು ಕವಿಯುವಾಗ ದೊಂದಿಯ ಬೆಳಕು ಕಂಡಿತು. ಇಬ್ಬರು ಗಂಡಸರು, ಹಿಂದೆ ಒಬ್ಬ ಮುದುಕಿ. ಆ ಅಡವಿಯ ಕುಣಬಿ ಜನ. ನಾನು ಕೂಗಬಹುದಿತ್ತು, ಕೂಗಲಿಲ್ಲ. ಅವರೇ ಸೈಕಲ್ಲು ಕಂಡು ಕೊರಕಲಿಗೆ ಬಗ್ಗಿ ನೋಡಿದರು.

"ದಣಿವಾರಿಸಿಕೊಳ್ಳಾಕತ್ತೇನಿ," ಎಂದೆ.

ನನ್ನನ್ನು ಹೊತ್ತುಕೊಂಡು ಹೋದರು. ಮುದುಕಿಯ ಅಂಗಳವೇ ಗಾಡಿಯವರ ಎರಡನೇ ವಸ್ತಿ. ಅವಳಿಗೆ ಕೊಂಕಣಿ ಬಿಟ್ಟರೆ ಬೇರೆ ಬಾರದು. ಕಾಲಿಗೆ ಯಾವುದೋ ಸೊಪ್ಪು ಅರೆದು ಕಟ್ಟಿ, ಗಂಜಿ ಕುಡಿಸಿ, ಆಮೇಲೆ ಎದುರಿಗೆ ಬಂದು ನೆಟ್ಟಗೆ ನಿಂತಳು. ನನಗೆ ಗೊತ್ತಾಯಿತು. "ಬ್ಯಾಡ ಬಿಡವಾ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕಣ್ಣು ಮುಚ್ಚಿದಳು. ಬಾರದ ಕನ್ನಡದಲ್ಲಿ, ಆದರೆ ಅಚ್ಚ ಹಳಿಯಾಳದ ರಾಗದಲ್ಲಿ, ಮಾವನ ಗಂಟಲೇ ಅಲ್ಲಿ ಕೂತ ಹಾಗೆ ಒಪ್ಪಿಸಿದಳು: "'ಹೊತ್ತ ಮುಣಗೂದ್ರಾಗ ಬರ್ಲಿಲ್ಲಂದ್ರ ಎಲ್ಲ್ಯರ ಬಿದ್ದಿರ್ತಾನ. ಹುಡುಕ್ರಿ. ಸೊಕ್ಕು ಭಾಳ. ಕೂಗಾಂವಲ್ಲ.'"

ಒಪ್ಪಿಸಿ ಮುಗಿಸಿ ಹತ್ತಿರ ಕೂತು, ಬಹಳ ದಿನದಿಂದ ತಿಳಿಯಬೇಕೆಂದಿದ್ದವಳ ಹಾಗೆ ಕೇಳಿದಳು: "ಸೊಕ್ಕು ಮ್ಹಣಜೆ ಕಿತೆಂ?" ಸೊಕ್ಕು ಎಂದರೇನು?

"ಶಕ್ತಿ," ಎಂದೆ.

ಅವಳು ನನ್ನ ಕಾಲು ನೋಡಿದಳು, ಮುಖ ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ.

ಅನಮೋಡಕ್ಕೆ ಹೋಗುವುದು ಅಲ್ಲಿಗೇ ನಿಂತಿತು. ಕಾಲಿನ ಊತ ಇಳಿದ ಮೇಲೆ ದಾಂಡೇಲಿಯ ಕಡೆ ಹೊರಟ ಒಂದು ಗಾಡಿಯಲ್ಲಿ ಬಿದಿರಿನ ಮೇಲೆ ನನ್ನನ್ನು ಹಾಕಿದರು, ನನ್ನ ಮೇಲೆ ಸೈಕಲ್ಲು ಕಟ್ಟಿದರು. ಚಾಳಿನ ಜನ ಎಲ್ಲ ಹೊರಗೆ ಬಂದು ನೋಡುವಾಗ ಹಾಗೇ ಬಂದು ಇಳಿದೆ. ಹೆಂಡತಿ ಅಳುತ್ತ ಬಂದಳು. ಮಾವ ಹೊರಸಿನಿಂದ ಇಳಿಯಲಿಲ್ಲ. ಗಾಡಿಯನ್ನು ನೋಡಿದ, ಎತ್ತುಗಳನ್ನು ನೋಡಿದ, ಕೊನೆಗೆ ಸೈಕಲ್ಲನ್ನು.

"ಎತ್ತಿನ ಗಾಡ್ಯಾಗ ಛಲೋ ಓಡ್ತೈತಲ್ರಿ ನಿಮ್ಮ ಸೈಕಲ್ಲು," ಎಂದ.

ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದೆ: "ನಾ ಕೇಳಿದ್ನೇನ್ರಿ? ನನ್ನ ಸಲುವಾಗಿ ಹೇಳಿ ಕಳಸ್ರಿ ಅಂತ ನಿಮಗ ನಾ ಕೇಳಿದ್ನೇನು?"

"ನಿಮ್ಮ ಸಲುವಾಗಿ ಯಾರ ಕಳಸ್ಯಾರು? ನನ್ನ ಮಗಳ ಕೊಳ್ಳಾಗ ತಾಳಿ ಐತಿ. ಅದಕ್ಕ ಕಳಿಸೇನಿ. ನೀವು ಒಳಗ ನಡೀರಿ, ಬಾಗಲದಾಗಿಂದ ಸರೀರಿ, ಗಾಳಿ ಬರವಲ್ದು."

ಅದಾದ ಮೇಲೆ ಒಂದೇ ಸೂರಿನಡಿ ವರ್ಷಗಟ್ಟಲೆ ಇದ್ದೆವು. ನಮ್ಮ ನಡುವೆ ಒಂದು ಒಳ್ಳೆಯ ಮಾತು ಹಾಯಲಿಲ್ಲ. ಮಕ್ಕಳಾದವು, ಅವಕ್ಕೂ ಹೆಬ್ಬೆರಳಿನಿಂದ ತೋರಿಸುವುದನ್ನು ಕಲಿಸಿದ, ನನ್ನನ್ನೇ ತೋರಿಸಲು ಕಲಿಸಿದ. ನಾನು ಸೈಕಲ್ಲಿಗೆ ಹೊಸ ಗಾಲಿ ಹಾಕಿಸಿದೆ. ಹಳಿಯಾಳಕ್ಕೆ ಹೋದೆ, ಮುಂಡಗೋಡಕ್ಕೆ ಹೋದೆ, ರಾತ್ರಿ ಎಲ್ಲೆಲ್ಲೋ ತಂಗಿದೆ. ಅನಮೋಡದ ದಾರಿ ಮಾತ್ರ ಹಿಡಿಯಲಿಲ್ಲ. ಅವನಿರುವ ತನಕ ಆ ದಾರಿಯಲ್ಲಿ ನಾನು ಅಳಿಯ ಮಾತ್ರ, ಅದು ನನಗೆ ಬೇಡವಾಗಿತ್ತು. ಗೆಳೆಯರು ಲಾರಿ ಹತ್ತಿ ಹೋಗಿ ನಾಕೆ ನೋಡಿ ಬಂದು ಬಾಯಿ ತುಂಬ ಹೇಳಿದರು.

ಒಂದು ಮಳೆಗಾಲ ಮುಗಿಯುವಾಗ ಅವನಿಗೆ ಎದೆ ಕಟ್ಟಿತು. ದವಾಖಾನೆಗೆ ಬರಲಿಲ್ಲ. ಹೊರಸಿನ ಮೇಲೆ ಒರಗಿಸಿಟ್ಟಿದ್ದೆವು. ಒಂದು ಸಂಜೆ ಮಗಳನ್ನು ಹೊರಗೆ ಕಳಿಸಿ ನನ್ನನ್ನು ಕರೆದ. ಆಗ ಕಾಲು ಎತ್ತಲು ಬರುತ್ತಿರಲಿಲ್ಲ, ಕಣ್ಣಿನಿಂದಲೇ ಕರೆದ.

"ಅಳ್ಯಾರ, ಒಂದ ಮಾತು ಒಪ್ಪಿಸ್ತೇನಿ. ಮುಟ್ಟಸ್ತೀರೇನು?"

"ಹೇಳ್ರಿ."

"ಮೂರೂ ವಸ್ತಿಗೆ ಮುಟ್ಟಬೇಕು. ಈಗ ಗಾಡಿ ಆ ಕಡೆ ಹೋಗಾಂಗಿಲ್ಲ. ನೀವ ಹೋಗಬೇಕು. ಕೇಳ್ರಿ." ಉಸಿರು ಕೂ‌ಡಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದ: "'ಹಳಿಯಾಳದ ಗಾಡಿ ನಿಂತತಿ. ಕೊಳ್ಳ ಹರದೇವಿ. ಈ ಮಾತ ತಂದಾಂವ ನನ್ನ ಅಳಿಯ. ಸೊಕ್ಕಿನಾಂವ. ಖರೆ, ಮಾತ ನುಂಗಾಂವಲ್ಲ.' ಒಮ್ಮೆ ಒಪ್ಪಿಸ್ರಿ ನೋಡೂಣು."

ಒಪ್ಪಿಸಿದೆ. ಕೊಳ್ಳ ಹರಿಯುವುದೆಂದರೆ ಗಾಡಿಯವರ ಬಾಯಲ್ಲಿ ನೊಗದಿಂದ ಎತ್ತು ಬಿಚ್ಚುವುದು. 'ಸೊಕ್ಕಿನಾಂವ' ಎನ್ನುವಾಗ ನನ್ನ ದನಿ ಗಟ್ಟಿಯಾಯಿತು. ಅವನು ಹೂಂ ಎಂದ. ಅದೇ ಅವನು ನನ್ನೊಡನೆ ಆಡಿದ ಕೊನೆಯ ಮಾತು. ಎರಡು ದಿನ ಬಿಟ್ಟು ಹೋದ. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದೆವು. ಅಲ್ಲೂ ಅವನು ಹೊರಸಿನ ಮೇಲೆ ಕೂತ ಹಾಗೇ ಕೂತಿದ್ದ.

ಮಣ್ಣಿನ ಕೆಲಸಗಳೆಲ್ಲ ಮುಗಿದ ಮೇಲೆ ರಜೆ ಹಾಕಿ ಸೈಕಲ್ಲು ತೆಗೆದೆ. ಹೆಂಡತಿಗೆ ಯಾವ ಯಾವ ಸಂಜೆ ಎಲ್ಲಿರುತ್ತೇನೆಂದು ಹೇಳಿ ಹೊರಟೆ. ದಿಬ್ಬದ ಮೇಲಿನ ಚಪ್ಪರದಲ್ಲಿ ಕೊಡಲಿಯವ ಇನ್ನೂ ಇದ್ದ. ಕುಣಬಿ ಮುದುಕಿಯ ಕಣ್ಣು ಹೋಗಿತ್ತು, ದನಿ ಕೇಳಿ ಗುರುತು ಹಿಡಿದಳು. ಎರಡೂ ಕಡೆ ನೆಟ್ಟಗೆ ನಿಂತು ಒಪ್ಪಿಸಿದೆ. ದಾರಿಯಲ್ಲಿ ಮನಸ್ಸಿಗೆ ಬರದೆ ಇರಲಿಲ್ಲ. 'ಸೊಕ್ಕಿನಾಂವ' ಎಂಬ ಆ ಒಂದು ಮಾತು ಬಿಟ್ಟರೆ ಯಾರಿಗೆ ತಿಳಿಯುತ್ತದೆ? ಕೇಳುವವನು ಮಣ್ಣಿನಲ್ಲಿದ್ದಾನೆ. ಆದರೆ ಅವನು ಅದನ್ನು ಕೊನೆಯ ಮಾತಿಗೆ ಜೋಡಿಸಿ ಕಟ್ಟಿದ್ದ. ಮೊದಲನೆಯದನ್ನು ನುಂಗಿದರೆ ಎರಡನೆಯದು ಸುಳ್ಳಾಗುತ್ತಿತ್ತು. ಸಾಯುವಾಗಲೂ ನನ್ನನ್ನು ಹೀಗೆ ನೊಗಕ್ಕೆ ಕಟ್ಟಿ ಹೋಗಿದ್ದ.

ಅನಮೋಡ ಮುಟ್ಟಿದಾಗ ಹೊತ್ತು ಇಳಿದಿತ್ತು. ನಾಕೆಯ ಹತ್ತಿರ ಒಂದು ಚಹಾದ ಗೂಡಂಗಡಿ. ಅದೇ ಮೂರನೇ ವಸ್ತಿ. ಅದರ ಮುದುಕ ಹಿಂದೆ ಮಾವನ ಜೊತೆ ಗಾಡಿ ಹೊಡೆದವನು, ಹಳಿಯಾಳದವನೇ. ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಮುಂದೆ ನಿಂತು ಮಾತು ಒಪ್ಪಿಸಿದೆ, ಒಂದಕ್ಷರ ಬಿಡದೆ. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ಸೈಕಲ್ಲಿನಾಂವ ನೀನ ಏನು?"

"ಹೌದ್ರಿ."

"ಗೋವಾ ಬಿಡುಗಡೆ ಆದ ವರ್ಷ ನೀ ಬರಾಂವ ಇದ್ದಿ. ಮಾತ ಬಂದಿತ್ತು. ನಾ ಕಾದೆ. ಬರ್ಲಿಲ್ಲ. ಮುಂಜಾನೆದ್ದ ಘಟ್ಟದ ದಾರ್ಯಾಗ ಹುಡುಕಿ ಬಂದೆ. ಆಮ್ಯಾಲ ಒಬ್ಬ ಗಾಡಿಯವನ ಕೈಯಾಗ ಮಾತ ಕೊಟ್ಟೆ, 'ನಿನ್ನ ಅಳಿಯ ಬರ್ಲಿಲ್ಲ, ಏನ್ ಮಾಡ್ಲಿ?' ಅಂತ." ಅವನು ಕಲ್ಲಿನ ಮೇಲಿಂದ ಎದ್ದ. "ಅವ ತಿರುಗಿ ಮಾತ ಕಳಿಸಿದ. ಅದ ನನ್ನ ಕಡೇನ ಉಳದೈತಿ. ನಿನಗ ಮುಟ್ಟಸ್ಲೇನು?"

ನಾನು ಬೇಡ ಎನ್ನಲಿಲ್ಲ.

ಮುದುಕ ಮೈ ನೆಟ್ಟಗೆ ಮಾಡಿದ, ಕಣ್ಣು ಮುಚ್ಚಿದ. "'ಬರ್ತಾನ. ಈಗ ಬಿದ್ದಾನ, ಕಾಲ ಮುರಕೊಂಡಾನ. ಮೊಂಡ ಅದಾನ ಸೂಳೇಮಗ, ಬಿಡಾಂವಲ್ಲ. ಯಾವಾಗ ಬರ್ತಾನೋ ಗೊತ್ತಿಲ್ಲ. ಬರೂತನಕ ದಾರಿ ನೋಡು.'"

ನಾಕೆಯ ಆಚೆ ಘಟ್ಟ ಇಳಿಯುವ ಒಂದು ಲಾರಿ ಹಾರ್ನು ಹಾಕಿತು. ನಾನು ಅಲ್ಲಿಯ ತನಕ ಹೋಗಿ ಒಂದು ಹೆಜ್ಜೆ ಇಟ್ಟು ಬರಬಹುದಿತ್ತು, ಹತ್ತು ಮಾರಿನ ದಾರಿ. ಅವತ್ತು ಅದು ಬೇಕೆನ್ನಿಸಲಿಲ್ಲ.

"ಬಂದಿಯಲ್ಲ," ಎಂದ ಮುದುಕ. ಗೂಡಂಗಡಿಯ ಹಲಗೆಗಳನ್ನು ಒಂದೊಂದಾಗಿ ಹಾಕಿ, ಒಳಗೆ ಕರೆದು ಊಟದ ಗಂಗಾಳವಿಟ್ಟ. ನನ್ನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ನೀಡಿದ್ದನ್ನು ಪೂರ್ತಿ ಉಂಡೆ. ಮಾವನಿಗೆ ಬೈಯುತ್ತಲೇ ಉಂಡೆ.